ಎರಡನೇ ಸಾಲು

ಮೂಡಲಪಾಳ್ಯ, ಬೆಂಗಳೂರು
19 ಏಪ್ರಿಲ್ 2009

ಗುರುದೇವಿಗೆ ರಾಜಿಯ ಶರಣು.

ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಮೇಲ್ ಕಳಿಸೋಣವೆಂದರೆ ಅದು ಎಲ್ಲೋ ಒಂದು ಕಡೆ, ನಾನು ಕೆಲಸ ಮಾಡುವಂಥದ್ದೇ ಒಂದು ಶೆಡ್ಡಿನಲ್ಲಿ, ಇನ್ನೊಂದು ಯಂತ್ರವನ್ನು ಬಿಸಿ ಮಾಡಿಕೊಂಡು ಬಿದ್ದಿರುತ್ತದೆ. ಬೇಡಪ್ಪ ಅನ್ನಿಸಿತು. ಅಂಚೆಯವನಿಗಾದರೂ ಕೆಲಸ ಸಿಗಲಿ.

ದಾವಣಗೆರೆಯ ಹಾಸ್ಟೆಲಿನಲ್ಲಿ ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಸಿದವರು ನಾವು. ಡಿಪ್ಲೊಮಾ ಮುಗಿಸಿ ನೀನು ಹುಬ್ಬಳ್ಳಿಗೆ ಹೋಗಿ ಕಂಪನಿಗಳ ಕರೆಂಟ್ ಖರ್ಚು ತಪಾಸಣೆ ಮಾಡುವ ಮೇಡಂ ಆದೆ. ನಾನು ಮದುವೆಯಾಗಿ ಇಲ್ಲಿಗೆ ಬಂದು, ಸುಂಕದಕಟ್ಟೆಯ ಡೇಟಾ ಸೆಂಟರಿನಲ್ಲಿ ಎಸಿ, ಜನರೇಟರ್ ನೋಡಿಕೊಳ್ಳುವ ಸೂಪರ್‌ವೈಸರ್ ಆದೆ. ಈ ಸಲ ನಮ್ಮ ತಪಾಸಣೆಗೆ ನಿನ್ನನ್ನೇ ಗೊತ್ತು ಮಾಡಿದ್ದಾರೆಂದು ಮ್ಯಾನೇಜರ್ ಬಸವಕಿರಣ್ ಹೇಳಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಇನ್ನು ಈ ಹೇಸಿಗೆಗೆ ಒಂದು ಕೊನೆ ಸಿಕ್ಕಿತು ಅಂದುಕೊಂಡೆ.

ಹೇಸಿಗೆ ಏನೆಂದು ಹೇಳುತ್ತೇನೆ ಕೇಳು. ನಮ್ಮದು ಮಾಗಡಿ ರೋಡಿನಿಂದ ಒಳಗಿರುವ ಹಳೇ ಗಾರ್ಮೆಂಟ್ ಶೆಡ್. ಒಳಗೆ ನಾಲ್ಕು ಸಾಲು ಸರ್ವರ್‌ಗಳು. ಅದರಲ್ಲಿ ಎರಡನೇ ಸಾಲಿಗೆ ಮಾಡಲು ಕೆಲಸವೇ ಇಲ್ಲ. ಅದರ ಗಿರಾಕಿಗಳು ಬಿಟ್ಟುಹೋಗಿ ವರ್ಷದ ಮೇಲಾಯಿತು. ಯಂತ್ರಗಳು ಮಾತ್ರ ಹಗಲೂ ರಾತ್ರಿ ಉರಿಯುತ್ತಲೇ ಇವೆ. ಅವು ಬಿಸಿಯಾಗುತ್ತವೆಂದು ಎಸಿ. ಈ ಬೇಸಿಗೆಯಲ್ಲಿ ದಿನಾ ಕರೆಂಟ್ ಹೋಗುತ್ತದೆ. ಹೋದಾಗ ಇಷ್ಟು ಭಾರವನ್ನು ಒಂದು ಜನರೇಟರ್ ಎಳೆಯುವುದಿಲ್ಲವೆಂದು ಇನ್ನೊಂದು. ಆ ಇನ್ನೊಂದರ ಹೊಗೆ ಕೊಳವೆಯ ಬಾಯಿ ಪಕ್ಕದ ಮನೆಯ ಅಡುಗೆಕೋಣೆಯ ಕಿಟಕಿಗೆ ಎದುರಾಗಿದೆ.

ಆ ಮನೆಯಲ್ಲಿರುವವಳು ಮುನಿತಾಯಮ್ಮ. ಸೊಪ್ಪು ಮಾರಿ ತಾನೇ ಕಟ್ಟಿಸಿದ ಮನೆ, ಈಗಲೂ ಬಾಗಿಲಲ್ಲೇ ಕೂತು ಮಾರುತ್ತಾಳೆ. ಬಾಯಿ ಜೋರು. ಉಬ್ಬಸ ಅದಕ್ಕಿಂತ ಜೋರು. ಮೊನ್ನೆ ನನ್ನನ್ನು ಕೂರಿಸಿಕೊಂಡು ಕೇಳಿದಳು:

“ಒಳ್ಗೆ ಏನಮ್ಮಾ ಸಾಕಿದೀರಾ?”

“ಕಂಪ್ಯೂಟರ್ ಅಜ್ಜಿ. ಬಿಸಿ ಆಗ್ತವೆ, ತಂಪು ಮಾಡ್ತಾ ಇರ್ಬೇಕು.”

“ನೀವೇ ಬಿಸಿ ಮಾಡೋದು, ನೀವೇ ತಂಪು ಮಾಡೋದು, ನಡುವೆ ನನ್ ಮೂಗಿಗೆ ಹೊಗೆ. ಎಂಥ ಬಾಳಮ್ಮಾ ನಿಮ್ದು!”

ಹೀಗಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು. ಸೆರಗಿಗೆ ಕಾಡಿಗೆಯ ಹಾಗೆ ಕಪ್ಪು ಹತ್ತಿತು. ಆ ಕಂಪ್ಯೂಟರ್‌ಗಳಲ್ಲಿ ಒಂದು ಸಾಲು ಸುಮ್ಮನೆ ಉರಿಯುತ್ತಿದೆ ಅಜ್ಜಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ನಾನು ಹೇಳಿದರೆ ಬಸವಕಿರಣ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಿನ್ನ ವರದಿಯಲ್ಲಿ ಬಂದರೆ ಕೇಳಲೇಬೇಕು. ಎರಡನೇ ಸಾಲನ್ನು ನಿಲ್ಲಿಸಿ ಅಂತ ಬರೆ. ಆ ಜನರೇಟರ್ ತಾನಾಗಿ ನಿಲ್ಲುತ್ತದೆ, ಮುದುಕಿ ಉಸಿರಾಡುತ್ತಾಳೆ. ಇಷ್ಟು ಮಾಡು ಕಣೇ.

ನಿನ್ನ ರಾಜಿ
(ಪೂರ್ತಿ ಹೆಸರು ಬಸವರಾಜೇಶ್ವರಿ. ಮರೆತಿದ್ದರೆ ಇರಲಿ ಅಂತ ಬರೆದೆ.)

* * *

ಹುಬ್ಬಳ್ಳಿ
6 ಮೇ 2009

ಪ್ರೀತಿಯ ರಾಜಿಗೆ ಶರಣಾರ್ಥಿ.

ನಿನ್ನ ಕಾಗದ ತಲುಪಿತು. ಕೆಲಸದ ಗಡಿಬಿಡಿಯಲ್ಲಿ ಫೋನ್ ಎತ್ತಲಾಗಲಿಲ್ಲ, ತಪ್ಪು ತಿಳಿಯಬೇಡ.

ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಕಟ್ಟಡಕ್ಕೆ ಬರುವ ಒಟ್ಟು ಕರೆಂಟನ್ನು, ಸರ್ವರ್‌ಗಳು ಮಾತ್ರ ತಿನ್ನುವ ಕರೆಂಟಿನಿಂದ ಭಾಗಿಸುವುದು, ನನ್ನ ಕೆಲಸ ಅಷ್ಟೇ. ಉತ್ತರ ಒಂದಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಎಸಿ, ದೀಪಗಳಂಥ ಮೇಲುಖರ್ಚು ಕಡಿಮೆ ಎಂದರ್ಥ. ಈಗ ಎಲ್ಲೆಡೆ ಇದೇ ಅಳತೆ. ಯಂತ್ರ ನಿಜವಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಅದನ್ನು ನೋಡು ಎಂದು ನನಗೆ ಯಾರೂ ಹೇಳಿಲ್ಲ.

ಬಸವಕಿರಣ್ ಅವರೊಂದಿಗೆ ಫೋನಿನಲ್ಲಿ ಮಾತಾಡಿದೆ. ಸಜ್ಜನರು. ಕಂಪನಿಯ ಉಳಿದ ಕಟ್ಟಡಗಳ ತಪಾಸಣೆಯನ್ನೂ ನನಗೇ ಕೊಡಿಸುವ ಮಾತಾಡಿದ್ದಾರೆ.

ಮನೆಯಲ್ಲಿ ಎಲ್ಲ ಕ್ಷೇಮ. ನಮ್ಮವರು ಈಗ ಮನೆಯಲ್ಲೇ ಇರುತ್ತಾರೆ.

ನಿನ್ನ ಗೆಳತಿ
ಗುರುದೇವಿ

* * *

ಮೂಡಲಪಾಳ್ಯ
24 ಮೇ 2009

ಗುರುದೇವಿಗೆ ಶರಣು.

‘ನನಗೆ ಯಾರೂ ಹೇಳಿಲ್ಲ’ ಅಂತ ಬರೆದಿದ್ದೀಯ. ಓದಿ ಮೈಯೆಲ್ಲ ಉರಿಯಿತು. ನಾನು ಹೇಳಿದೆನಲ್ಲೇ! ನಾನು ಯಾರೂ ಅಲ್ಲವಾ?

ನಿನ್ನ ಅಳತೆಯ ವಿಷಯ ಬಸವಕಿರಣ್ ಹತ್ತಿರವೂ ಮಾತಾಡಿದೆ. ಎರಡನೇ ಸಾಲು ನಿಲ್ಲಿಸಿದರೆ ಬಿಲ್ಲೂ ಉಳಿಯುತ್ತದೆ, ಡೀಸೆಲ್ಲೂ ಉಳಿಯುತ್ತದೆ ಅಂದೆ. ಅವನ ಉತ್ತರವನ್ನು ಇದ್ದ ಹಾಗೇ ಬರೆಯುತ್ತೇನೆ.

“ಮೇಡಂ, ಬಿಲ್ ಉಳಿಯುತ್ತೆ, ಒಪ್ಕೊಂಡೆ. ನಂಬರ್ ಎಕ್ಕುಟ್ಟೋಗತ್ತಲ್ಲ! ಸರ್ವರ್ ತಿನ್ನೋದು ಕಮ್ಮಿ ಆಯ್ತು, ಮೇಲ್ಖರ್ಚು ಹೆಚ್ಚುಕಮ್ಮಿ ಅಷ್ಟೇ ಇತ್ತು ಅಂದ್ರೆ ಭಾಗಿಸಿದಾಗ ಏರತ್ತೆ. ಹಸಿರು ಪ್ರಶಸ್ತಿಗೆ ಅರ್ಜಿ ಹಾಕಿದೀವಿ. ಪ್ರಶಸ್ತಿ ಇದ್ರೆ ಗಿರಾಕಿ ಬರ್ತಾರೆ.”

“ಪಕ್ಕದ ಮನೆ ಅಜ್ಜಿ ಗತಿ ಏನ್ ಸಾರ್?”

“ಯಾವ ಅಜ್ಜಿ?” ಅಂದ.

ಥೂ! ದಿನಾ ಅವಳ ಬಾಗಿಲ ಮುಂದೆಯೇ ಕಾರು ನಿಲ್ಲಿಸುತ್ತಾನೆ. ಯಾವ ಅಜ್ಜಿ ಅಂತೆ.

ಅಂದರೆ ದಂಡಕ್ಕೆ ಉರಿಸಿದಷ್ಟೂ ನಿಮ್ಮ ಲೆಕ್ಕದಲ್ಲಿ ನಾವು ಜಾಣರು. ಊಟಕ್ಕೆ ಹತ್ತು ಜನ ಬಂದರೆ ಇಪ್ಪತ್ತು ಎಲೆ ಹಾಕಿ, ಎಲ್ಲದಕ್ಕೂ ಬಡಿಸಿ, ಅರ್ಧವನ್ನು ತಿಪ್ಪೆಗೆ ಸುರಿದು, ಅಡುಗೆಯವರ ಖರ್ಚು ಎಲೆಗೆಷ್ಟು ಕಡಿಮೆ ನೋಡಿ ಅಂತ ಬೀಗಿದರೆ ನಿನ್ನವ್ವ ಸೌಟಿನಲ್ಲಿ ಬಾರಿಸುತ್ತಿರಲಿಲ್ಲವಾ? ನೀನು ಅದಕ್ಕೆ ಸಹಿ ಹಾಕುತ್ತೀಯಾ? ಇಲ್ಲ, ನೀನು ಹಾಕುವವಳಲ್ಲ. ನನಗೆ ಗೊತ್ತು.

ಹಠ ಹಿಡಿದು ಕೊನೆಗೆ ಒಂದು ವಾರದ ಮಟ್ಟಿಗೆ ಸಾಲು ನಿಲ್ಲಿಸಿ ನೋಡಲು ಅವನನ್ನು ಒಪ್ಪಿಸಿದ್ದೇನೆ. ಯಾರಿಗೂ ತೊಂದರೆಯಾಗದಿದ್ದರೆ ಆಮೇಲೆ ನೋಡೋಣ ಅಂದಿದ್ದಾನೆ. ಜೂನ್ ಮೊದಲ ವಾರ ತಂಗಿಯ ಮದುವೆಗೆ ದಾವಣಗೆರೆಗೆ ಹೋಗಬೇಕು. ಹೊರಡುವಾಗ ಜಗನ್ನಾಥನಿಗೆ ಹೇಳಿ ಹೋಗುತ್ತೇನೆ. ಅವನು ನನ್ನ ಜೊತೆಯ ಇಂಜಿನಿಯರ್, ವಿಜಯನಗರದಲ್ಲೇ ಹುಟ್ಟಿ ಬೆಳೆದವನು, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು.

ನಿನ್ನ ತಪಾಸಣೆ ಜೂನ್ ಕೊನೆಗೆ ಅಂತೆ. ಅಷ್ಟರಲ್ಲಿ ನಾನು ವಾಪಸ್ ಬಂದಿರುತ್ತೇನೆ. ಹೋಟೆಲಿನಲ್ಲಿ ಇಳಿದುಕೊಂಡರೆ ನೋಡು ಮತ್ತೆ. ರೊಟ್ಟಿ ಬಡಿದು ಎಣಗಾಯಿ ಮಾಡಿಟ್ಟಿರುತ್ತೇನೆ.

ರಾಜಿ

* * *

ಮೂಡಲಪಾಳ್ಯ
16 ಆಗಸ್ಟ್ 2009

ಗುರುದೇವಿ,

ಶರಣು ಅನ್ನುವುದಕ್ಕೂ ಮನಸ್ಸು ಬರುತ್ತಿಲ್ಲ. ನೀನು ಬಂದೆ, ಅಳೆದೆ, ಸಹಿ ಹಾಕಿದೆ, ಹೋದೆ. ಅದೂ ಜೂನ್ ಕೊನೆಗಲ್ಲ, ನಾನು ಮದುವೆಮನೆಯಲ್ಲಿದ್ದ ವಾರದಲ್ಲಿ. ನಿನ್ನಿಂದ ಒಂದು ಕಾಗದ ಬರಬಹುದು ಅಂತ ಎರಡು ತಿಂಗಳು ಕಾದೆ. ಬರಲಿಲ್ಲ. ಆದ್ದರಿಂದ ನೀನು ಅಳೆದದ್ದು ಏನನ್ನು ಅಂತ ನಾನೇ ತಿಳಿಸುತ್ತೇನೆ.

ಅವತ್ತು ಬಸ್ಸಿಗೆ ಹೊತ್ತಾಗಿತ್ತು. ಕೈಯಲ್ಲಿ ಮದುವೆಯ ಸೀರೆ, ಬಳೆ. ಶುಭಕ್ಕೆ ಹೊರಟ ಗಳಿಗೆ, ಬಾಯಿಂದ ಒಂದು ಕೆಟ್ಟ ಮಾತು ಬೇಡ ಅಂತ ಜಗನ್ನಾಥನಿಗೆ ಹೇಳಿದೆ, “ಎರಡನೇ ಸಾಲು ಇವತ್ತು ದೊಡ್ಡದು ಮಾಡಿಬಿಡಪ್ಪ.” ನಿನಗೆ ಇದರ ಅರ್ಥ ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಯಾರೂ ದೀಪ ಆರಿಸು ಅನ್ನುತ್ತಿರಲಿಲ್ಲ. ದೀಪ ದೊಡ್ಡದು ಮಾಡು ಅನ್ನುತ್ತಿದ್ದರು, ಆರಿಸುತ್ತಿದ್ದರು. ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿದ ಯಂತ್ರಗಳಿಗೂ ನನ್ನ ಬಾಯಲ್ಲಿ ಅದೇ ಮಾತು ಬಂತು.

ಜಗನ್ನಾಥ ತನ್ನ ಮನೆಯಲ್ಲಿ ಸ್ವಿಚ್ಚಿನ ದೀಪ ಬಿಟ್ಟರೆ ಬೇರೆ ದೀಪ ಕಂಡಿದ್ದಾನೋ ಇಲ್ಲವೋ. ಚಾಚೂ ತಪ್ಪದೆ ದೊಡ್ಡದು ಮಾಡಿದ! ಗೋಡೌನಿನಲ್ಲಿ ಬಿದ್ದಿದ್ದ ಹಳೇ ಯಂತ್ರಗಳನ್ನೆಲ್ಲ ಧೂಳು ಕೊಡವಿ ತಂದು ಆ ಸಾಲಿಗೆ ಜೋಡಿಸಿದ. ಕೆಲಸವಿಲ್ಲದಾಗ ತೂಕಡಿಸಿಕೊಂಡು ಕಡಿಮೆ ಕರೆಂಟ್ ತಿನ್ನಲಿ ಅಂತ ನಾನು ಇಟ್ಟಿದ್ದ ಸೆಟ್ಟಿಂಗನ್ನೂ ತೆಗೆದುಹಾಕಿದ. ಒಂದು ಕೆಲಸವೂ ಇಲ್ಲದೆ ಪೂರ್ತಿ ಸಾಲು ಮೈಮುರಿದು ಉರಿಯಿತು. ನಂಬರ್ ದಢಕ್ಕನೆ ಇಳಿಯಿತು. ಅದನ್ನು ಕಂಡ ಬಸವಕಿರಣ್ ನನಗೆ ಕೊಟ್ಟ ಮಾತನ್ನು ನುಂಗಿಕೊಂಡು, ಜೂನ್ ಕೊನೆಯ ತಪಾಸಣೆಯನ್ನು ಆ ವಾರಕ್ಕೇ ಎಳೆದು ನಿನ್ನನ್ನು ಕರೆಸಿದ.

ವಾಪಸ್ ಬಂದಾಗ ಜಗನ್ನಾಥ ಹಲ್ಲು ಕಿರಿದುಕೊಂಡು ನಿಂತಿದ್ದ. “ಮೇಡಂ, ದೊಡ್ಡದು ಮಾಡು ಅಂದ್ರಲ್ಲ, ಹೆಂಗ್ ಮಾಡಿದೀನಿ ನೋಡಿ!” ಅವನಿಗೆ ಏನಂತ ಬಯ್ಯಲಿ ಹೇಳು.

ನಿನ್ನೆ ಪ್ರಶಸ್ತಿ ಬಂದದ್ದಕ್ಕೆ ಸಮಾರಂಭ. ಅಂಗಳದಲ್ಲಿ ಶಾಮಿಯಾನ, ಬಾಡಿಗೆಗೆ ತಂದ ಕುಂಡಗಳು, ಹಸಿರು ಕೇಕು, ಹಸಿರು ಶಾಲು. ಕುಂಡಗಳನ್ನು ಎಸಿಯ ಬಿಸಿಗಾಳಿ ಹೊರಬರುವ ಕಡೆ ಇಟ್ಟಿದ್ದರು. ಭಾಷಣ ಮುಗಿಯುವುದರೊಳಗೆ ಎಲೆಯೆಲ್ಲ ಜೋತುಬಿದ್ದವು. ಆಮೇಲೆ ಬಸವಕಿರಣ್ ಮೈಕಿನಲ್ಲಿ ಹೇಳಿದ, “ಎರಡನೇ ಸಾಲನ್ನ ದೊಡ್ಡದು ಮಾಡೋ ಐಡಿಯಾ ಯಾರ್ದು ಗೊತ್ತಾ? ನಮ್ ಬಸವರಾಜೇಶ್ವರಿ ಮೇಡಂದು!” ಶಾಲು ತಂದು ನನಗೇ ಹೊದೆಸಿದ. ನಾನು ಮೈಕು ಕಿತ್ತುಕೊಂಡೆ. “ನಾನ್ ಹೇಳಿದ್ದು ನಿಲ್ಸಕ್ಕೆ ಸಾರ್, ಇವ್ರು ತಪ್ಪು ತಿಳ್ಕೊಂಡ್ರು. ಆ ಸಾಲಿಗೆ ಕೆಲ್ಸನೇ ಇಲ್ಲ” ಅಂದೆ. ಎಲ್ಲರೂ ಹೋ ಅಂತ ನಕ್ಕರು. “ನೋಡಿ, ಎಷ್ಟು ವಿನಯ!” ಅಂದ ಅವನು. ಚಪ್ಪಾಳೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಎರಡೂ ಜನರೇಟರ್ ಹೊತ್ತಿಕೊಂಡವು. ಗೋಡೆಯಾಚೆ ಮುನಿತಾಯಮ್ಮ ಕೆಮ್ಮತೊಡಗಿದಳು. ಎಂಥ ಕೆಮ್ಮು ಅಂದರೆ, ಕೇಕು ಕತ್ತರಿಸುತ್ತಿದ್ದವರೂ ಒಂದು ಕ್ಷಣ ಚಾಕು ನಿಲ್ಲಿಸಿದರು. ಬಸವಕಿರಣ್ ಹಿಂದೆ ತಿರುಗಿ, “ಏ, ಹಾಡು ಹಾಕ್ರಪ್ಪ, ಸೌಂಡ್ ಜಾಸ್ತಿ ಕೊಡಿ” ಅಂದ.

ಗಾಳಿ ಇತ್ತ ತಿರುಗಿ ಹಸಿರು ಕೇಕಿನ ಮೇಲೆ ಕಪ್ಪು ಪುಡಿ ಉದುರಿತ್ತು. ಎಲ್ಲ ಬಣ್ಣ ಮಸಿ ನುಂಗಿತು ಅನ್ನುವ ಗಾದೆಯನ್ನು ಕಣ್ಣಾರೆ ಕಂಡೆ. ಆ ಪುಡಿಯನ್ನು ಬೆರಳಲ್ಲಿ ಆಚೆ ತಳ್ಳಿ, ಎಲ್ಲರೂ ಕೇಕನ್ನು ಚಪ್ಪರಿಸಿಕೊಂಡು ತಿಂದರು ಕಣೇ! ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು, ಆ ಶಾಲಿನಲ್ಲೇ ಬಾಯೊರೆಸಿಕೊಂಡು ಅಲ್ಲೇ ಬಿಸಾಕಿ ಬಂದೆ.

ಆ ಪ್ರಶಸ್ತಿಯ ಕೆಳಗೆ ನಿನ್ನ ಹೆಸರಿದೆ. ಅದನ್ನು ವಾಪಸ್ ತೆಗೆದುಕೋ. ಆದದ್ದು ಏನು ಅಂತ ಬರೆ. ಸಾಲು ನಿಲ್ಲುತ್ತದೆ.

ಬಸವರಾಜೇಶ್ವರಿ

* * *

ಹುಬ್ಬಳ್ಳಿ
5 ಸೆಪ್ಟೆಂಬರ್ 2009

ರಾಜಿಗೆ,

ನಾನು ಹೋದ ದಿನ ಅಲ್ಲಿ ಏನಿತ್ತೋ ಅದನ್ನು ಅಳೆದೆ. ಅಳತೆಯಲ್ಲಿ ತಪ್ಪಿಲ್ಲ. ಮೂರು ಸಲ ನೋಡಿದ್ದೇನೆ.

ದೊಡ್ಡದು ಮಾಡು ಎಂಬ ಮಾತು ಕೇಳಿ ಎಷ್ಟು ವರ್ಷವಾಗಿತ್ತು! ಓದುವಾಗ ನಗು ಬಂತು, ನಕ್ಕಿದ್ದಕ್ಕೆ ಆಮೇಲೆ ಕೆಟ್ಟದ್ದೆನಿಸಿತು.

ಆ ವಾರ ನೀನು ಊರಲ್ಲಿರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಜ್ಜಿ ಈಗ ಹೇಗಿದ್ದಾರೆ?

ಗುರುದೇವಿ

* * *

ಮೂಡಲಪಾಳ್ಯ
8 ನವೆಂಬರ್ 2009

ಗುರುದೇವಿಗೆ,

ಅಜ್ಜಿ ಹೇಗಿದ್ದಾರೆ ಅಂತ ಕೇಳಿದ್ದೀಯ. ದೀಪಾವಳಿಯ ಹಿಂದೆಮುಂದೆ ಆಸ್ಪತ್ರೆಯಲ್ಲಿದ್ದಳು. ಮೂಗಿಗೆ ನಳಿಗೆ ಹಾಕಿದ್ದರು. ತಾವರೆಕೆರೆಯಿಂದ ಮಗಳು ದಾನಮ್ಮ ಬಂದು ನೋಡಿಕೊಂಡಳು. ಆ ಹೊಗೆ ಇರುವ ತನಕ ಮನೆಗೆ ಕಳಿಸಬೇಡಿ ಅಂದರು ಡಾಕ್ಟರು. ಮುದುಕಿ ಕೇಳಬೇಕಲ್ಲ! “ನನ್ ಮನೆ, ನಾನ್ಯಾಕ್ ಬಿಡ್ಲಿ? ಹೊಗೆ ಬಿಡೋರು ಬಿಟ್ಟೋಗ್ಲಿ” ಅಂತ ಆಟೋ ಹತ್ತಿ ಬಂದೇಬಿಟ್ಟಳು. ಅವಳ ಮಾತಿನಲ್ಲಿ ತಪ್ಪೇನಿದೆ?

ಅವಳು ಬಂದ ದಿನ ಬೆಳಿಗ್ಗೆ, ಎಲ್ಲರ ಕಣ್ಣೆದುರಿಗೆ, ನಾನು ಎರಡನೇ ಸಾಲನ್ನು ನಿಲ್ಲಿಸಿದೆ. ಈ ಸಲ ಯಾರಿಗೂ ಹೇಳಿ ಮಾಡಿಸಲಿಲ್ಲ. ಒಂದೊಂದೇ ಯಂತ್ರದ ಮುಂದೆ ನಿಂತು ನನ್ನ ಕೈಯಲ್ಲೇ ನಿಲ್ಲಿಸಿದೆ. ಜಗನ್ನಾಥ ಫೋನಿನ ಪಕ್ಕ ಬೆವರುತ್ತಾ ಕೂತಿದ್ದ, ಈಗ ಗಿರಾಕಿಗಳು ಬಾಯಿಬಡಿದುಕೊಳ್ಳುತ್ತಾರೆ ಅಂತ. ಒಂದು ಕರೆಯೂ ಬರಲಿಲ್ಲ. ಮರುದಿನವೂ ಇಲ್ಲ. ಆ ಸಾಲು ಸತ್ತದ್ದು ಜಗತ್ತಿನಲ್ಲಿ ಒಬ್ಬ ನರಪಿಳ್ಳೆಗೂ ಗೊತ್ತಾಗಲಿಲ್ಲ ಗುರುದೇವಿ. ಇಷ್ಟಕ್ಕಾಗಿ ಒಬ್ಬಳ ಶ್ವಾಸ ಕಟ್ಟಿಸಿದೆವಲ್ಲ!

ಕರೆಂಟ್ ಹೋದಾಗ ಒಂದೇ ಜನರೇಟರ್ ಸಾಕಾಯಿತು. ಮುನಿತಾಯಮ್ಮ ಅಡುಗೆಕೋಣೆಯ ಕಿಟಕಿ ತೆಗೆದಳು. ಅವಳು ಮುದ್ದೆ ಕಟ್ಟುತ್ತಿದ್ದುದು ನಮ್ಮ ಅಂಗಳದಿಂದ ಕಾಣುತ್ತಿತ್ತು.

ಗೊತ್ತಾದದ್ದು ಬಸವಕಿರಣ್‌ಗೆ. ಗೋಡೆಯ ಮೇಲಿನ ಪರದೆಯಲ್ಲಿ ಅವನ ನಂಬರ್ ಏರಿತು ನೋಡು. ಓಡಿ ಬಂದ. “ಯಾರನ್ ಕೇಳಿ ಮಾಡಿದ್ರಿ? ಪ್ರಶಸ್ತಿ ವಾಪಸ್ ಹೋದ್ರೆ ನೀವು ತಂದ್ಕೊಡ್ತೀರಾ?” ಅಂತ ಹಾರಾಡಿದ. ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಬೇಜಾರಿಲ್ಲ. ನಿಜ ಹೇಳಬೇಕೆಂದರೆ, ಆ ಗೇಟಿನಿಂದ ಹೊರಗೆ ಬಂದಾಗ ಸ್ನಾನ ಮಾಡಿದ ಹಾಗಾಯಿತು.

ಸಾಲು ಇನ್ನೂ ನಿಂತೇ ಇದೆ. ಮೇಲಿನವರಿಗೆ ಒಳಗೊಳಗೇ ಅನುಮಾನ ಹುಟ್ಟಿದೆ. ನಿಲ್ಲಿಸಿದ್ದು ಸರಿಯೋ, ಮತ್ತೆ ಚಾಲೂ ಮಾಡಬೇಕೋ, ತಪಾಸಣೆ ಮಾಡಿದವರೇ ಬಂದು ನೋಡಿ ಹೇಳಲಿ ಅಂದಿದ್ದಾರಂತೆ. ಅಂದರೆ ನೀನು. ಇನ್ನು ಎಲ್ಲ ನಿನ್ನ ಮೇಲಿದೆ. ನೀನು ಏನು ಬರೆಯುತ್ತೀಯೋ ಅದೇ ಆಗುತ್ತದೆ.

ನಾನು ಇಷ್ಟು ದಿನ ಬರೆದದ್ದರಲ್ಲಿ ಬೈಗುಳವೇ ಹೆಚ್ಚು. ಮನಸ್ಸಿಗೆ ಹಾಕಿಕೊಳ್ಳಬೇಡ. ಬಂದಾಗ ಮುನಿತಾಯಮ್ಮನ ಮನೆಗೆ ಹೋಗು. ಅವಳ ಪಕ್ಕ ಐದು ನಿಮಿಷ ಕೂತುಕೋ. ಆಮೇಲೆ ನಿನಗೆ ತೋಚಿದ್ದು ಬರೆ. ಕೈಮುಗಿದು ಕೇಳುತ್ತೇನೆ.

ನಿನ್ನ ರಾಜಿ

* * *

ಹುಬ್ಬಳ್ಳಿ
29 ನವೆಂಬರ್ 2009

ಪ್ರೀತಿಯ ರಾಜಿಗೆ ಶರಣಾರ್ಥಿ.

ಹೋಗಿ ಬಂದೆ. ನೀನು ಹೇಳಿದ ಹಾಗೆ ಎಲ್ಲವನ್ನೂ ನೋಡಿದೆ. ನನ್ನಿಂದ ಆಗುವುದನ್ನು ಮಾಡಿದ್ದೇನೆ. ನಿನ್ನನ್ನು ಕಾಣದೆ ಬಂದದ್ದಕ್ಕೆ ಕೋಪಿಸಿಕೊಳ್ಳಬೇಡ, ರಾತ್ರಿ ರೈಲಿಗೆ ಹೊತ್ತಾಗಿತ್ತು.

ನಮ್ಮವರು ಎದ್ದು ಓಡಾಡುವ ಸ್ಥಿತಿಯಲ್ಲಿಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಇದನ್ನು ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಕೆಲಸ ಹೋದದ್ದಕ್ಕೆ ಚಿಂತಿಸಬೇಡ. ಈಗ ಕಂಪನಿಯ ಎಲ್ಲ ಕಟ್ಟಡಗಳೂ ನನ್ನ ಕೈಗೆ ಬಂದಿವೆ. ಒಬ್ಬಳಿಂದ ಆಗುವುದಿಲ್ಲ. ನೀನು ಬಾ. ಹಾಸ್ಟೆಲಿನ ಹಾಗೆ ಇಬ್ಬರೂ ಸೇರಿ ಮಾಡೋಣ. ಹಳೆಯದನ್ನೆಲ್ಲ ಮರೆಯೋಣ.

ನಿನ್ನ
ಗುರುದೇವಿ

* * *

ಮೂಡಲಪಾಳ್ಯ
20 ಡಿಸೆಂಬರ್ 2009

ಗುರುದೇವಿಗೆ,

ನಿನ್ನಿಂದ ಆದದ್ದು ಏನು ಅಂತ ಜಗನ್ನಾಥ ಫೋನ್ ಮಾಡಿ ಹೇಳಿದ. ಮುನ್ಸೂಚನೆ ಕೊಡದೆ ಸಾಲು ನಿಲ್ಲಿಸಿದ್ದು ಸಿಬ್ಬಂದಿಯ ತಪ್ಪು, ಹಿಂದಿನ ಅಳತೆ ಸರಿಯಾಗಿಯೇ ಇದೆ, ಚಾಲೂ ಮಾಡಬಹುದು. ಹೀಗೆ ಬರೆದಿದ್ದೀಯಂತೆ. ಅದೇ ದಿನ ಸಾಲು ಮತ್ತೆ ಹೊತ್ತಿಕೊಂಡಿತು.

ಕಳೆದ ಭಾನುವಾರ ದಾನಮ್ಮ ಲಗೇಜ್ ಆಟೋ ತಂದು ತಾಯಿಯನ್ನು ತಾವರೆಕೆರೆಗೆ ಕರೆದುಕೊಂಡು ಹೋದಳು. ಮುದುಕಿ ಈ ಸಲ ಜಗಳವಾಡಲಿಲ್ಲ. ಜಗಳವಾಡಲು ಉಸಿರು ಬೇಕಲ್ಲ. ಪಾತ್ರೆ ಪಗಡೆ ಏರಿಸಲು ನಾನೂ ಹೋಗಿದ್ದೆ. ಇನ್ನೂ ಆಟೋ ಹೊರಟಿಲ್ಲ, ಬಸವಕಿರಣ್ ಗೇಟಿನಿಂದ ಬಂದು, ಮನೆ ಖಾಲಿ ಇದ್ರೆ ಬಾಡಿಗೆಗೆ ಕೊಡಿ, ಡೀಸೆಲ್ ಡ್ರಮ್ ಇಡಕ್ಕೆ ಜಾಗ ಸಾಲ್ತಿಲ್ಲ ಅಂದ. ಅಜ್ಜಿ ಯಾರು ಅಂತ ಅವನಿಗೆ ಈಗ ಗೊತ್ತಾಗಿದೆ. ದಾನಮ್ಮ ಉಗಿದಳು, ಅವನ ಕಾಲಿನ ಹತ್ತಿರವೇ ಬಿತ್ತು. ನಾನು ಉಗಿದಿದ್ದರೆ ಕಾಲಿಗಲ್ಲ, ಮುಖಕ್ಕೇ ಬೀಳುತ್ತಿತ್ತು.

ಆಟೋದಲ್ಲಿ ಕೂತು ಮುನಿತಾಯಮ್ಮ ನನ್ನ ಕೈ ಹಿಡಿದುಕೊಂಡಳು. ಒಂದೊಂದು ಮಾತಿಗೂ ನಿಂತು ನಿಂತು ಹೇಳಿದಳು.

“ನಿನ್ ಗೆಣೆಗಾತಿ ಬಂದಿದ್ಳು ಕಣವ್ವ. ಹುಬ್ಳಿಯೋಳು. ನನ್ ಮಗ್ಗುಲಲ್ಲೇ ಕೂತಿದ್ಳು. ಬೆನ್ನು ಸವ್ರುದ್ಲು. ಅವ್ವಾ ಅಂದ್ಲು. ಎಷ್ಟ್ ಅತ್ಲು ಅಂತೀಯ, ನಾನೇ ಸಮಾಧಾನ ಮಾಡ್ಬೇಕಾಯ್ತು. ಬಲೇ ಒಳ್ಳೇವ್ಳು. ನಮ್ ಕಡೆಗೇ ಬರೀತಾಳೆ ನೋಡು. ಅವ್ಳ ಹೊಟ್ಟೆ ತಣ್ಣಗಿರ್ಲಿ.”

ನೀನು ಬರೆದಾಗಿತ್ತು, ಸಾಲು ಉರಿಯುತ್ತಿತ್ತು, ಹೊಗೆ ಅವಳ ತಲೆಯ ಮೇಲೆಯೇ ಇತ್ತು. ನಾನು ಹೂಂ ಅಜ್ಜಿ ಅಂದೆ.

ನೀನು ಆ ಮನೆಗೆ ಹೋಗದೆ ಬರೆದಿದ್ದರೆ, ಪಾಪ, ಕಾಣದೆ ಬರೆದಳು ಅಂದುಕೊಂಡು ನಿನಗೆ ಇನ್ನೊಂದು ಕಾಗದ ಹಾಕುತ್ತಿದ್ದೆ. ನೀನು ಹೋದೆ. ಕೂತೆ. ಅತ್ತೆ. ಕಣ್ಣೊರೆಸಿಕೊಂಡು ಪಕ್ಕದ ಗೇಟಿಗೆ ಹೋಗಿ, ಅವಳ ಬೆನ್ನು ಸವರಿದ ಕೈಯಲ್ಲೇ ಸಹಿ ಹಾಕಿದೆ.

ಹುಬ್ಬಳ್ಳಿಗೆ ನಾನು ಬರುವುದಿಲ್ಲ.

ಬಸವರಾಜೇಶ್ವರಿ